ದುಡಿಮೆಯ ಒತ್ತಡಕ್ಕೂ ಪರಿಹಾರವುಂಟೇ?

ಯಂತ್ರಕ್ಕೆ ಬೆರಳು ಸಿಕ್ಕರೆ, ಲಾರಿಯಿಂದ ಬಿದ್ದು ಕಾಲು ಮುರಿದರೆ ಮಾಲೀಕರು ಪರಿಹಾರ ಕೊಡಬೇಕೆಂಬುದು ನಿಮಗೆ ಗೊತ್ತೇ ಇದೆ. ಆದರೆ ಹಗಲೂ ರಾತ್ರಿ ದುಡಿದು ದಣಿದವರು ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದರೆ? “ಅವರ ಹಣೆಬರಹ ಕಣಮ್ಮಾ, ಅದಕ್ಕೆ ಮಾಲೀಕರೇನು ಮಾಡ್ತಾರೆ?” ಎನ್ನುವವರೇ ಹೆಚ್ಚು. ಗಾಯ ಕಣ್ಣಿಗೆ ಕಾಣುತ್ತೆ, ಒತ್ತಡ ಕಾಣೋದಿಲ್ಲ. ಹಾಗೆಂದು ಕೈಚೆಲ್ಲಿ ಕೂರಬೇಡಿ.

ಹಿಂದೆ ಇದಕ್ಕೆ 1923ರ ಕಾಯ್ದೆಯಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮುಖ್ಯ ಪ್ರಶ್ನೆ ಮಾತ್ರ ಹಳೆಯದೇ: ಈ ಆಘಾತಕ್ಕೆ ಕೆಲಸ ಕಾರಣವೇ? ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಮನಸ್ಸಿನ ಒತ್ತಡ ಇಲ್ಲ. ಆದ್ದರಿಂದ “ತುಂಬಾ ಟೆನ್ಷನ್ ಇತ್ತು” ಎಂದರೆ ಸಾಲದು.

ಎರಡು ಮೊಕದ್ದಮೆ ನೋಡಿ. ನಮ್ಮ ಕರ್ನಾಟಕದ ಒಬ್ಬ ಕ್ಲೀನರ್ ಹೃದಯಾಘಾತದಿಂದ ತೀರಿಕೊಂಡಾಗ ತಾಯಿ ಪರಿಹಾರ ಕೇಳಿದರು. ಕೆಲಸದ ಶ್ರಮವೇ ಕಾರಣವೆಂಬುದಕ್ಕೆ ಪುರಾವೆಯಿಲ್ಲವೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. 2012ರಲ್ಲಿ ಅದೇ ನ್ಯಾಯಾಲಯ, ದೆಹಲಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿ ಓಡಿಸಿ ದಾರಿಯಲ್ಲೇ ಪ್ರಾಣಬಿಟ್ಟ ಚಾಲಕರ ಅವಲಂಬಿತರಿಗೆ ಪರಿಹಾರ ಸಲ್ಲಬೇಕೆಂದಿತು. ದೂರದ ಓಡಾಟದ ಆಯಾಸಕ್ಕೂ ಸಾವಿಗೂ ಸಂಬಂಧ ಕಂಡಿತ್ತು. ಕೊನೆಗೆ ಗೆಲ್ಲಿಸುವುದು ಪುರಾವೆಯೇ ನೋಡಿ!

ಆ ಪುರಾವೆ ಮನೆಯಲ್ಲೇ ಕೂಡಿಡಬಹುದು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಯಜಮಾನರು ಎಷ್ಟು ಹೊತ್ತಿಗೆ ಹೋದರು, ಬಂದರು, ರಜೆ ಸಿಕ್ಕಿತೋ ಇಲ್ಲವೋ ಗುರುತು ಮಾಡಿಡಿ. ಸಂಬಳದ ಚೀಟಿ, ಓವರ್‌ಟೈಮ್ ಚೀಟಿ ಬಿಸಾಡಬೇಡಿ. ಡಾಕ್ಟರ ಬಳಿ ಹೋದಾಗ ಎದೆನೋವಿನ ಜೊತೆಗೆ ಕೆಲಸ ಎಂಥದ್ದೆಂದೂ ಹೇಳಿ, ಚೀಟಿಯಲ್ಲಿ ಬರೆಸಿ. ಮೊದಲೇ ಬಿ.ಪಿ. ಇದ್ದರೆ ಮುಚ್ಚಿಡಬೇಡಿ, ಕೆಲಸದ ಶ್ರಮದಿಂದ ಅದು ಉಲ್ಬಣಿಸಿತೆಂದು ತೋರಿಸಲು ಅವಕಾಶವಿದೆ.

ಕೇಡು ಸಂಭವಿಸಿಯೇ ಬಿಟ್ಟರೆ, ಮನಸ್ಸು ಗಟ್ಟಿ ಮಾಡಿಕೊಂಡು ಮರಣೋತ್ತರ ಪರೀಕ್ಷೆಗೆ ಒಪ್ಪಿಕೊಳ್ಳಿ. ಸಾವಿನ ಕಾರಣ ಹೇಳುವ ಕಾಗದ ಅದು. ಮಾಲೀಕರಿಗೆ ಆದಷ್ಟು ಬೇಗ ಬರಹದಲ್ಲಿ ತಿಳಿಸಿ. ಅರ್ಜಿ ಹಾಕಲು ಎರಡು ವರ್ಷ ಗಡುವು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಇ.ಎಸ್.ಐ. ಕಾರ್ಡು ಇದ್ದರೆ ಇ.ಎಸ್.ಐ. ಕಚೇರಿಗೇ ಹೋಗಬೇಕು, ಎರಡೂ ಕಡೆ ಪಡೆಯುವಂತಿಲ್ಲ.

ಇನ್ನೊಂದು ಎಚ್ಚರಿಕೆ. ಕಾರ್ಯ ಮುಗಿಯುವ ಮೊದಲೇ ಯಾರಾದರೂ ಒಂದಿಷ್ಟು ದುಡ್ಡಿಟ್ಟು, “ಇನ್ನೇನೂ ಕೇಳೋದಿಲ್ಲ ಅಂತ ಸಹಿ ಹಾಕಮ್ಮಾ” ಎಂದರೆ ಹಾಕಬೇಡಿ. ಸಾವಿನ ಪರಿಹಾರವನ್ನು ಮಾಲೀಕರು ಕಾನೂನು ಹೇಳಿದ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಹಂಚುವುದು ಆ ಅಧಿಕಾರಿಯ ಕೆಲಸ.

ವಕೀಲರ ಫೀಜಿಗೆ ಹೆದರಬೇಡಿ. ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ನೀವೇ ಹೊರಗೆ ದುಡಿಯುವವರಾದರೆ ಕ್ಯಾಲೆಂಡರಿನಲ್ಲಿ ನಿಮ್ಮ ಹೊತ್ತನ್ನೂ ಬರೆದಿಡಿ.