ಮನೆಯ ಗಣಕಕ್ಕೊಂದು ಮೋಡೆಮ್: ಹೊರನಾಡ ಕನ್ನಡಿಗರ ಆಯ್ಕೆ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರಜಾಲದ ಸೌಲಭ್ಯವನ್ನು ತೆರೆಯಿತು. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ ನಗರಗಳು ಅದನ್ನು ಮೊದಲು ಪಡೆದವು. 2004ರ ಬ್ರಾಡ್‌ಬ್ಯಾಂಡ್ ನೀತಿಯ ತರುವಾಯ ಹೊಸ ಬಗೆಯ ಸಂಪರ್ಕಗಳು ಮನೆಗಳನ್ನು ತಲುಪುವವರೆಗೆ, ಅಂದರೆ ಸುಮಾರು ಹತ್ತು ವರ್ಷಗಳ ಕಾಲ, ಮನೆಯ ಗಣಕವನ್ನು ಹೊರಜಗತ್ತಿಗೆ ಕೂಡಿಸುತ್ತಿದ್ದುದು ಸಾಮಾನ್ಯ ದೂರವಾಣಿಯ ತಂತಿ ಹಾಗೂ ಮೋಡೆಮ್ ಎಂಬ ಚಿಕ್ಕ ಉಪಕರಣ. ಕರ್ನಾಟಕದ ಹೊರಗೆ ನೆಲೆಸಿದ್ದ ಲೇಖಕರು, ಸಂಘಗಳ ಕಾರ್ಯದರ್ಶಿಗಳು, ಕಿರುಪತ್ರಿಕೆಗಳ ಸಂಪಾದಕರು ಅದನ್ನು ಕೊಳ್ಳುವಾಗ ಯಾವ ಗುಣಗಳನ್ನು ಗಮನಿಸಬೇಕಾಗಿತ್ತು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಅಂಗಡಿಗಳಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಬರುತ್ತಿದ್ದ ಗುಣ ವೇಗ. ಕನ್ನಡದ ಕೆಲಸಕ್ಕೆ ವೇಗಕ್ಕಿಂತ ಅಗತ್ಯವಾದ ಗುಣಗಳು ಬೇರೆ ಎರಡಿದ್ದವು: ಸಂಪರ್ಕದ ಸ್ಥಿರತೆ ಮತ್ತು ಫ್ಯಾಕ್ಸ್ ಕಳುಹಿಸುವ ಸಾಮರ್ಥ್ಯ.

ಗಣಕವು ತನ್ನೊಳಗೆ ಸೊನ್ನೆ ಮತ್ತು ಒಂದುಗಳಿಂದ ವ್ಯವಹರಿಸುತ್ತದೆ. ದೂರವಾಣಿಯ ತಂತಿಯಾದರೋ ಮನುಷ್ಯನ ಧ್ವನಿಗಾಗಿ ರೂಪುಗೊಂಡುದು. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳವರೆಗಿನ ನಾದವನ್ನು ಸಾಗಿಸುವಂತೆ ಆ ವ್ಯವಸ್ಥೆಯನ್ನು ಹವಣಿಸಲಾಗಿತ್ತು. ಅಂಕಿಗಳನ್ನು ನಾದಕ್ಕೆ ಮಾರ್ಪಡಿಸುವ ಕ್ರಿಯೆ ಮಾಡ್ಯುಲೇಶನ್. ನಾದದಿಂದ ಅಂಕಿಗಳನ್ನು ಮರಳಿ ಪಡೆಯುವುದು ಡಿಮಾಡ್ಯುಲೇಶನ್. ಈ ಎರಡು ಪದಗಳ ಮೊದಲ ಭಾಗಗಳು ಕೂಡಿ ಮೋಡೆಮ್ ಎಂಬ ಹೆಸರಾಯಿತು. ಕರೆ ಕೂಡಿದೊಡನೆ ಕೇಳಿಬರುತ್ತಿದ್ದ ಕರ್ಕಶ ಸದ್ದು ಎರಡು ಮೋಡೆಮ್‌ಗಳು ತಂತಿಯ ಗುಣವನ್ನು ಪರೀಕ್ಷಿಸಿ, ಯಾವ ವೇಗದಲ್ಲಿ ವ್ಯವಹರಿಸಬೇಕೆಂದು ಒಪ್ಪಂದ ಮಾಡಿಕೊಳ್ಳುವ ಸದ್ದು.

ಮೋಡೆಮ್‌ಗಳಲ್ಲಿ ಗಣಕದ ಒಳಗೆ ಕೂಡಿಸುವವು ಮತ್ತು ಹೊರಗಿಡುವವು ಎಂದು ಎರಡು ಬಗೆ. ಒಳಗಿನದು ಅಗ್ಗ, ಮೇಜಿನ ಮೇಲೆ ಸ್ಥಳವನ್ನೂ ಬೇಡದು. ಆದರೆ ಅಂಥವುಗಳಲ್ಲಿ ಹಲವು, ವಿನ್‌ಮೋಡೆಮ್ ಎಂದು ಕರೆಸಿಕೊಂಡವು, ತಮ್ಮ ಕೆಲಸದ ಬಹುಭಾಗವನ್ನು ಗಣಕದ ಮುಖ್ಯ ಚಿಪ್‌ಗೆ ಒಪ್ಪಿಸುತ್ತಿದ್ದವು. ಹಳೆಯ ಗಣಕಗಳು ಈ ಹೊರೆಯಿಂದ ನಿಧಾನವಾಗುತ್ತಿದ್ದವು. ವಿಂಡೋಸ್ ಅಲ್ಲದ ವ್ಯವಸ್ಥೆಗಳಲ್ಲಿ ಅವು ಬಹುಮಟ್ಟಿಗೆ ನಿರುಪಯುಕ್ತವಾಗಿದ್ದವು. ಸೀರಿಯಲ್ ಪೋರ್ಟಿಗೆ ಜೋಡಿಸುವ ಹೊರಗಿನ ಮೋಡೆಮ್ ತನ್ನ ಕೆಲಸವನ್ನು ತಾನೇ ನಿರ್ವಹಿಸುತ್ತಿತ್ತು. ಅದಕ್ಕೆ ಪ್ರತ್ಯೇಕ ವಿದ್ಯುತ್ ಇದ್ದುದರಿಂದ, ಅದು ಸ್ತಬ್ಧವಾದಾಗ ಗಣಕವನ್ನು ಮುಚ್ಚದೆ ಅದೊಂದನ್ನೇ ಆರಿಸಿ ಹೊತ್ತಿಸಬಹುದಾಗಿತ್ತು. ಗಣಕವನ್ನು ಬದಲಿಸಿದಾಗಲೂ ಅದೇ ಮೋಡೆಮ್ ಉಪಯೋಗಕ್ಕೆ ಬರುತ್ತಿತ್ತು. ಎಲ್ಲಕ್ಕೂ ಮಿಗಿಲಾಗಿ, ಅದರ ಮುಂಭಾಗದಲ್ಲಿ ದೀಪಗಳಿದ್ದವು. ಸಿ.ಡಿ. ಎಂಬ ದೀಪ ಬೆಳಗುತ್ತಿದ್ದರೆ ಸಂಪರ್ಕ ಉಳಿದಿದೆ ಎಂದೂ, ಎಸ್.ಡಿ. ಮತ್ತು ಆರ್.ಡಿ. ದೀಪಗಳು ಮಿನುಗುತ್ತಿದ್ದರೆ ಮಾಹಿತಿ ಹೋಗುತ್ತಿದೆ, ಬರುತ್ತಿದೆ ಎಂದೂ ಅರ್ಥ. ಗಂಟೆಗಳ ಲೆಕ್ಕದಲ್ಲಿ ಅಂತರಜಾಲಕ್ಕೆ ಹಣ ತೆತ್ತು, ಅದರ ಮೇಲೆ ದೂರವಾಣಿಯ ಶುಲ್ಕವನ್ನೂ ಕೊಡಬೇಕಾಗಿದ್ದ ಗೃಹಸ್ಥನಿಗೆ ಈ ದೀಪಗಳು ಅಲಂಕಾರವಾಗಿರಲಿಲ್ಲ.

ಹೊರಗಿನ ಮೋಡೆಮ್ ಕೊಳ್ಳುವ ಮುನ್ನ ಗಣಕದ ಸೀರಿಯಲ್ ಪೋರ್ಟನ್ನು ಪರೀಕ್ಷಿಸುವುದು ಅವಶ್ಯವಾಗಿತ್ತು. ಆ ಪೋರ್ಟಿನ ಹಿಂದಿರುವ ಚಿಪ್ 8250 ಎಂಬ ಹಳೆಯ ಬಗೆಯದಾದರೆ ಅದು ಒಮ್ಮೆಗೆ ಒಂದೇ ಬೈಟನ್ನು ಹಿಡಿದಿಡಬಲ್ಲದು. ಗಣಕ ಬೇರೆ ಕೆಲಸದಲ್ಲಿ ತೊಡಗಿದ್ದರೆ ಮುಂದಿನ ಬೈಟು ಬಂದು ಹಿಂದಿನದು ಕಳೆದುಹೋಗುತ್ತಿತ್ತು. 16550ಎ ಎಂಬ ಚಿಪ್‌ನಲ್ಲಿ 16 ಬೈಟುಗಳಿಗೆ ಎಡೆಯಿತ್ತು. ಹಳೆಯ ಗಣಕವನ್ನು ಕೊಂಡವರು ಈ ಸಂಗತಿಯನ್ನು ಅರಿಯದೆ ಹೊಸ ಮೋಡೆಮನ್ನೇ ದೂರುವ ಸಂಭವವಿತ್ತು.

ಇನ್ನು ವೇಗದ ವಿಚಾರ. 1984ರ ವಿ.32 ಮಾನಕದ ವೇಗ ಸೆಕೆಂಡಿಗೆ 9,600 ಬಿಟ್. 1991ರಲ್ಲಿ ಅದು 14,400, 1994ರ ವಿ.34 ಮಾನಕದಲ್ಲಿ 28,800, ಎರಡು ವರ್ಷಗಳ ಬಳಿಕ 33,600 ಆಯಿತು. 1997ರಲ್ಲಿ ಎಕ್ಸ್2 ಮತ್ತು ಕೆ56ಫ್ಲೆಕ್ಸ್ ಎಂಬ ಎರಡು ಪರಸ್ಪರ ಹೊಂದದ ಪದ್ಧತಿಗಳು 56,000ದ ಭರವಸೆಯೊಡನೆ ಬಂದವು, 1998ರ ವಿ.90 ಮಾನಕ ಈ ಸ್ಪರ್ಧೆಯನ್ನು ಕೊನೆಗಾಣಿಸಿತು. ಆದರೆ ಈ 56,000 ತರಿಸಿಕೊಳ್ಳುವ ವೇಗ, ಅದೂ ಗರಿಷ್ಠ ಮಿತಿ. ಸೇವಾ ಸಂಸ್ಥೆಯ ಕಡೆಯ ಸಂಪರ್ಕ ಪೂರ್ಣವಾಗಿ ಡಿಜಿಟಲ್ ಆಗಿದ್ದಾಗ ಮಾತ್ರ ಅದರ ಸಮೀಪಕ್ಕೆ ಹೋಗಲು ಸಾಧ್ಯ. ವಿ.90ರಲ್ಲಿ ಕಳುಹಿಸುವ ವೇಗ 33,600ನ್ನು ಮೀರುತ್ತಿರಲಿಲ್ಲ. ಎಂದರೆ, ಬರೆದು ಕಳುಹಿಸುವುದೇ ಮುಖ್ಯವಾಗಿದ್ದ ಲೇಖಕನಿಗೆ ದುಬಾರಿಯಾದ ಹೊಸ ಮೋಡೆಮ್‌ನಿಂದ ಆ ದಿಕ್ಕಿನಲ್ಲಿ ಹೆಚ್ಚಿನ ಲಾಭವಿರಲಿಲ್ಲ.

ಒಂದು ಲೆಕ್ಕವನ್ನು ನೋಡಬಹುದು. 12,000 ಬೈಟುಗಳ ಒಂದು ಲೇಖನವನ್ನು ಕಳುಹಿಸಲು 9,600ರ ವೇಗದಲ್ಲಿ 10 ಸೆಕೆಂಡು, 33,600ರ ವೇಗದಲ್ಲಿ ಸುಮಾರು 3 ಸೆಕೆಂಡು ಸಾಕು. ಉಳಿತಾಯ 7 ಸೆಕೆಂಡು. ಸಂಪರ್ಕ ಒಮ್ಮೆ ಕಡಿದು, ಪುನಃ ಕರೆಮಾಡಿ, ಗುರುತುಪದ ಒಪ್ಪಿಸುವಷ್ಟರಲ್ಲಿ ಇದಕ್ಕಿಂತ ಹೆಚ್ಚು ಸಮಯ ವ್ಯಯವಾಗುತ್ತಿತ್ತು. ಆದುದರಿಂದ ತಂತಿಯಲ್ಲಿ ಗರಗರ ಸದ್ದು ಬಂದಾಗ ವೇಗವನ್ನು ತಾನಾಗಿ ತಗ್ಗಿಸಿಕೊಂಡು ಸಂಪರ್ಕವನ್ನು ಉಳಿಸಿಕೊಳ್ಳುವ, ತಪ್ಪುಗಳನ್ನು ಸರಿಪಡಿಸುವ ವಿ.42 ಮಾನಕವನ್ನು ಪಾಲಿಸುವ ಮೋಡೆಮೇ ಗೃಹೋಪಯೋಗಕ್ಕೆ ಉತ್ತಮವಾಗಿತ್ತು. ಕೊಳ್ಳುವ ಮುನ್ನ ಅದನ್ನು ಮನೆಯ ತಂತಿಗೇ ಜೋಡಿಸಿ, ಒಂದು ಗಂಟೆಯಾದರೂ ಪರೀಕ್ಷಿಸುವುದು ವಿವೇಕದ ಮಾರ್ಗ.

ಕನ್ನಡಿಗರಿಗೆ ವಿಶೇಷವಾಗಿದ್ದ ಸಮಸ್ಯೆ ಬೇರೊಂದು. 1991ರಲ್ಲಿಯೇ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ವಿಂಡೋಸ್ ಎಕ್ಸ್‌ಪಿ ಬರುವವರೆಗೆ, ಅಂದರೆ 2001ರವರೆಗೆ, ಮನೆಯ ಗಣಕಗಳಲ್ಲಿ ಅದರ ಬಳಕೆ ಸುಲಭವಾಗಿರಲಿಲ್ಲ. ಶ್ರೀಲಿಪಿ, 1998ರಲ್ಲಿ ಬಂದ ಬರಹ ಮೊದಲಾದ ತಂತ್ರಾಂಶಗಳು ತಮ್ಮ ತಮ್ಮ ಅಕ್ಷರಸಂಕೇತಗಳನ್ನು ಬಳಸುತ್ತಿದ್ದವು. ಮುಂಬೈಯಿಂದ ನಾನು ಇ-ಮೇಲ್ ಮೂಲಕ ಕಳುಹಿಸಿದ ಒಂದು ಪ್ರಬಂಧ ಕರ್ನಾಟಕದ ಸಂಪಾದಕರೊಬ್ಬರ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಂಡಿತು. ಮೋಡೆಮ್ ತನ್ನ ಕರ್ತವ್ಯವನ್ನು ಸರಿಯಾಗಿಯೇ ಮಾಡಿತ್ತು. ಒಂದು ಬೈಟೂ ಕಳೆದಿರಲಿಲ್ಲ. ಕಳೆದುಹೋಗಿದ್ದುದು ಕನ್ನಡ. ಅವರಲ್ಲಿ ನನ್ನ ಅಕ್ಷರಶೈಲಿಯ ಕಡತವಿರಲಿಲ್ಲ, ಪುಟಗಳು ಅಚ್ಚಿಗೆ ಹೋಗಲು ಒಂದೇ ದಿನ ಉಳಿದಿತ್ತು.

ಅಂದು ನೆರವಾದುದು ಅದೇ ಮೋಡೆಮ್‌ನ ಫ್ಯಾಕ್ಸ್ ಸೌಲಭ್ಯ. ಫ್ಯಾಕ್ಸ್ ಅಕ್ಷರಗಳನ್ನಲ್ಲ, ಪುಟದ ಚಿತ್ರವನ್ನು ಕಳುಹಿಸುತ್ತದೆ. ಕಳುಹಿಸುವವನ ಗಣಕದಲ್ಲಿ ಕನ್ನಡ ಸರಿಯಾಗಿ ಕಂಡರೆ ಸಾಕು. ಪಡೆಯುವವರಲ್ಲಿ ಗಣಕವೇ ಇರಬೇಕಾಗಿಲ್ಲ. ಮುದ್ರಣದ ಆಜ್ಞೆಯನ್ನು ಕೊಟ್ಟು, ಮುದ್ರಣಯಂತ್ರದ ಬದಲು ಫ್ಯಾಕ್ಸ್ ಆರಿಸಿದರೆ ಕಾಗದವಿಲ್ಲದೆಯೇ ಪುಟ ಹೊರಡುತ್ತಿತ್ತು. ಈ ಕ್ರಮದಲ್ಲಿ ದೋಷಗಳೂ ಇದ್ದವು: ಕರೆ ದೂರದ ಊರಿನದಾದ್ದರಿಂದ ಎಸ್.ಟಿ.ಡಿ. ಶುಲ್ಕ ತೆರಬೇಕು; ಆ ಕಡೆಯವರು ಅಕ್ಷರಗಳನ್ನು ಮತ್ತೊಮ್ಮೆ ಜೋಡಿಸಬೇಕು. ಆದರೂ ಬರಹ ಸಕಾಲದಲ್ಲಿ, ಕನ್ನಡದಲ್ಲಿಯೇ ತಲುಪುತ್ತಿತ್ತು. ಈ ಕಾರಣದಿಂದ ಗ್ರೂಪ್ 3 ಫ್ಯಾಕ್ಸ್ ಇರುವ ಮೋಡೆಮನ್ನೇ ಆರಿಸಿರೆಂದು ನಾನು ಸಹೋದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೆ.

ಯಾವ ಮೋಡೆಮ್ ಆದರೂ ತಂತಿಯ ಅಂಕೆಯಲ್ಲಿಯೇ ಇರುತ್ತದೆ. ಅದನ್ನು ಮನೆಗೆ ಬರುವ ಮೊದಲ ಕೊಂಡಿಗೇ ಜೋಡಿಸಬೇಕಾಗಿತ್ತು. ಒಳಕೋಣೆಯ ಇನ್ನೊಂದು ದೂರವಾಣಿಯನ್ನು ಯಾರಾದರೂ ಎತ್ತಿದರೆ ಸಂಪರ್ಕ ಕೆಡುತ್ತಿತ್ತು. ಹಳೆಯ ವಿನಿಮಯ ಕೇಂದ್ರವಾದರೆ ಟೋನ್ ಬದಲು ಪಲ್ಸ್ ಪದ್ಧತಿಯಲ್ಲಿ, ಅಂದರೆ ಎಟಿಡಿಟಿ ಬದಲು ಎಟಿಡಿಪಿ ಎಂಬ ಆಜ್ಞೆಯಿಂದ, ಕರೆಮಾಡಬೇಕಾಗಿತ್ತು. ಮಳೆಗಾಲದಲ್ಲಿ ಗುಡುಗು ಮಿಂಚು ಕಾಣಿಸಿಕೊಳ್ಳುವ ಮುನ್ನ ವಿದ್ಯುತ್ತಿನೊಡನೆ ದೂರವಾಣಿಯ ತಂತಿಯನ್ನೂ ಕಳಚುವುದು ಅವಶ್ಯವಾಗಿತ್ತು. ಏಕೆಂದರೆ ಸಿಡಿಲಿನ ಆಘಾತ ಆ ತಂತಿಯ ಮೂಲಕವೂ ಬರಬಲ್ಲದು.

ಇಂದು ಈ ಉಪಕರಣಗಳು ಮನೆಗಳ ಅಟ್ಟ ಸೇರಿವೆ. ಯೂನಿಕೋಡ್ ನೆಲೆಗೊಂಡ ಮೇಲೆ ಕನ್ನಡದ ಅಕ್ಷರ ಎಲ್ಲ ಊರುಗಳ ಗಣಕಗಳಲ್ಲಿಯೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ಆದರೆ ಆ ಕಾಲದಲ್ಲಿ ಬೇರೆ ಬೇರೆ ಸಂಕೇತಗಳಲ್ಲಿ ಬರೆದ ಲೇಖನಗಳು, ಸಂಘಗಳ ವರದಿಗಳು, ಪತ್ರಗಳು ಹೊರನಾಡ ಮನೆಗಳ ಫ್ಲಾಪಿಗಳಲ್ಲಿ ಉಳಿದಿರಬಹುದು. ಫ್ಲಾಪಿಗಳ ಆಯುಷ್ಯ ಮಿತವಾದುದು. ಅಟ್ಟದಿಂದ ಮೋಡೆಮನ್ನು ಹೊರಗೆಸೆಯುವವರು ಅದರ ಪಕ್ಕದ ಫ್ಲಾಪಿಗಳನ್ನು ಎಸೆಯದೆ, ಓದಬಲ್ಲವರಿಗೆ ಬೇಗನೆ ಒಪ್ಪಿಸಿ ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ, ಹೊರನಾಡ ಕನ್ನಡದ ಒಂದು ದಶಕದ ಬರವಣಿಗೆ ಮುಂದಿನ ಸಂಶೋಧಕರಿಗೆ ಉಳಿದೀತು.