ಹೊಸ ಗೋಡೆಗೆ ಬಣ್ಣ ಬಳಿಯುವ ಮುನ್ನ: ವಸತಿ ಯೋಜನೆಗಳ ಫಲಾನುಭವಿಗಳ ಗಮನಕ್ಕೆ

ಉಡುಪಿ ಜಿಲ್ಲೆ, ಕಾಪು ತಾಲ್ಲೂಕಿನ ಉಚ್ಚಿಲ ಹಾಗೂ ಸುತ್ತಲಿನ ಕಡಲತೀರದ ಗ್ರಾಮಗಳಲ್ಲಿ ಮನೆಗಳನ್ನು ಸಾಮಾನ್ಯವಾಗಿ ಕೆಂಪುಕಲ್ಲಿನಿಂದ ಕಟ್ಟಿ ಸಿಮೆಂಟ್ ಸಾರಣೆ ಮಾಡಲಾಗುತ್ತದೆ. ಹೊಸ ಸಾರಣೆಯಲ್ಲಿ ನೀರಿನಂಶವೂ ಕ್ಷಾರವೂ ಅಧಿಕವಾಗಿರುತ್ತವೆ. ಗೃಹಪ್ರವೇಶ ಸಮೀಪಿಸಿತೆಂದು ಅದರ ಮೇಲೆ ನೇರವಾಗಿ ಬಣ್ಣ ಬಳಿದಲ್ಲಿ ಬಣ್ಣವು ಗುಳ್ಳೆಯೆದ್ದು ಕಿತ್ತುಬರುವ, ಬಿಳಿ ಉಪ್ಪು ಮೇಲೇಳುವ ಸಂಭವವಿರುತ್ತದೆ. ಸೀಮಿತ ಸಹಾಯಧನದಲ್ಲಿ ಮನೆ ಕಟ್ಟುವವರಿಗೆ ಇದು ಎರಡು ಬಾರಿಯ ವೆಚ್ಚವಾಗುತ್ತದೆ. ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ.

1. ಸಾರಣೆಗೆ ಕನಿಷ್ಠ 7 ದಿನ ನೀರುಣಿಸಿ, ತರುವಾಯ ಸುಮಾರು 4 ವಾರ ಒಣಗಲು ಬಿಡತಕ್ಕದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಹೆಚ್ಚಿನ ಅವಧಿ ಅವಶ್ಯ.

2. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ, ಮರುದಿನ ಪರಿಶೀಲಿಸುವುದು. ಒಳಗೆ ನೀರಹನಿ ಕಂಡುಬಂದಲ್ಲಿ ಗೋಡೆ ಒಣಗಿಲ್ಲವೆಂದು ತಿಳಿಯುವುದು.

3. ಒಣಗಿದ ಗೋಡೆಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಧೂಳು ಮತ್ತು ಉಪ್ಪನ್ನು ಒಣ ಬ್ರಷ್‌ನಿಂದ ತೆಗೆದು, ಕ್ಷಾರವನ್ನು ತಡೆಯುವ ಸಿಮೆಂಟ್ ಪ್ರೈಮರನ್ನು ಒಂದು ಕೋಟ್ ಬಳಿಯುವುದು. ನೀರು ಬೆರೆಸುವ ಪ್ರಮಾಣವು ಡಬ್ಬಿಯ ಮೇಲೆ ಸೂಚಿಸಿರುವಂತೆ ಇರತಕ್ಕದ್ದು.

4. ಜಿಪ್ಸಮ್ ಹಲಗೆಯ ಗೋಡೆಯಿದ್ದಲ್ಲಿ, ಹಲಗೆಯ ಕಾಗದವೂ ಜೋಡುಗಳಿಗೆ ತುಂಬಿದ ಪುಟ್ಟಿಯೂ ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಅಲ್ಲಿಯೂ ಪ್ರೈಮರ್ ಅವಶ್ಯ.

ಪ್ರೈಮರ್ ತೇವಕ್ಕೆ ಪರಿಹಾರವಲ್ಲ. ಸೋರಿಕೆಯಿದ್ದಲ್ಲಿ ಮೊದಲು ಸರಿಪಡಿಸತಕ್ಕದ್ದು. ಗೋಡೆ ಒಣಗದಿದ್ದಲ್ಲಿ ಗೃಹಪ್ರವೇಶವನ್ನು ನೆರವೇರಿಸಿ, ಬಣ್ಣದ ಕೆಲಸವನ್ನು ಬೇಸಿಗೆಗೆ ಮುಂದೂಡುವುದೇ ಲೇಸು.