ಮಂಜಿನಂಗಳದಲ್ಲಿ ಒಂದು ಮತದ ತೂಕ

ಓಟದ ಸ್ಪರ್ಧೆಯಲ್ಲಿ ಗಡಿಯಾರ ತೀರ್ಪು ಕೊಡುತ್ತದೆ, ಜಿಗಿತದಲ್ಲಿ ಅಳತೆಪಟ್ಟಿ. ಗಡಿಯಾರಕ್ಕೆ ದೇಶವಿಲ್ಲ, ಅಳತೆಪಟ್ಟಿಯ ಮೇಲೆ ಒತ್ತಡ ಹೇರುವುದು ಯಾರಿಂದಲೂ ಸಾಧ್ಯವಿಲ್ಲ. ಫಿಗರ್ ಸ್ಕೇಟಿಂಗ್‌ನ ಕಷ್ಟವಿರುವುದೇ ಇಲ್ಲಿ. ಒಂದು ಜೋಡಿ ಮಂಜುಗಡ್ಡೆಯ ಅಂಗಳದಲ್ಲಿ ನಾಲ್ಕು ನಿಮಿಷ ಸಂಗೀತಕ್ಕೆ ತಕ್ಕಂತೆ ಜಾರಿ, ಜಿಗಿದು, ತಿರುಗಿ ನಿಂತ ಮೇಲೆ ಅದರಲ್ಲಿ ಕಸುಬೆಷ್ಟು, ಸೊಬಗೆಷ್ಟು ಎಂಬುದನ್ನು ಅಂಚಿನಲ್ಲಿ ಕುಳಿತ ಮನುಷ್ಯರೇ ಹೇಳಬೇಕು. ಮಂಜುಗಡ್ಡೆಯನ್ನು ಫ್ರಿಜ್ಜಿನೊಳಗೆ ಮಾತ್ರ ಕಂಡ ಊರಿನವನಾದರೂ ನಾನು ಚಳಿಗಾಲದ ಒಲಿಂಪಿಕ್ಸ್‌ನ ಈ ಆಟವನ್ನು ಟಿವಿಯಲ್ಲಿ ತಪ್ಪದೆ ನೋಡುತ್ತ ಬಂದಿದ್ದೇನೆ. ಆಟದಷ್ಟೇ ನನ್ನನ್ನು ಹಿಡಿದಿಡುವುದು ಆಟ ಮುಗಿದು ಅಂಕಗಳು ಪ್ರಕಟವಾಗುವ ನಡುವಿನ ಆ ಅಲ್ಪ ಅವಧಿ.

ಆ ಅವಧಿಯ ಅತ್ಯಂತ ಕುಖ್ಯಾತ ಉದಾಹರಣೆ 2002ರ ಫೆಬ್ರುವರಿ 11ರ ರಾತ್ರಿಯದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಜೋಡಿ ಸ್ಕೇಟಿಂಗ್‌ನ ಅಂತಿಮ ಸುತ್ತು. ಒಂದೆಡೆ ರಷ್ಯಾದ ಯೆಲೆನಾ ಬೆರೆಜ್ನಾಯಾ ಮತ್ತು ಆಂಟನ್ ಸಿಖರುಲಿಡ್ಜೆ, ಇನ್ನೊಂದೆಡೆ ಕೆನಡಾದ ಜೇಮಿ ಸಲೇ ಮತ್ತು ಡೇವಿಡ್ ಪೆಲ್ಟಿಯೆ. ಸ್ಪರ್ಧೆಗೆ ಮುಂಚಿನ ತಾಲೀಮಿನಲ್ಲಿ ಸಿಖರುಲಿಡ್ಜೆ ಮತ್ತು ಸಲೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡಿದ್ದರು. ಆಟದಲ್ಲಿ ಸಿಖರುಲಿಡ್ಜೆ ಎರಡೂವರೆ ಸುತ್ತಿನ ‘ಡಬಲ್ ಆಕ್ಸೆಲ್’ ಜಿಗಿತದಿಂದ ಇಳಿಯುವಾಗ ಹೆಜ್ಜೆ ತಪ್ಪಿದರು. ಕೆನಡಾದವರು ಒಂದೂ ತಪ್ಪಿಲ್ಲದೆ ಮುಗಿಸಿದರು; ಪೆಲ್ಟಿಯೆ ಮಂಡಿಯೂರಿ ಮಂಜುಗಡ್ಡೆಗೆ ಮುತ್ತಿಟ್ಟರು. ಅಂಕಗಳು ಬಂದಾಗ ಕ್ರೀಡಾಂಗಣವೆಲ್ಲ ಧಿಕ್ಕಾರದ ಕೂಗು. ಒಂಬತ್ತು ತೀರ್ಪುಗಾರರಲ್ಲಿ ಐವರು ರಷ್ಯಾಕ್ಕೆ, ನಾಲ್ವರು ಕೆನಡಾಕ್ಕೆ ಮೊದಲ ಸ್ಥಾನ ಕೊಟ್ಟಿದ್ದರು.

ಆಗ ಜಾರಿಯಲ್ಲಿದ್ದದ್ದು ಗರಿಷ್ಠ 6.0 ಅಂಕಗಳ ಹಳೆಯ ಪದ್ಧತಿ. ಅದರಲ್ಲಿ ಅಂಕ ಎಂಬುದು ನಿಜಕ್ಕೂ ಅಂಕವಾಗಿರಲಿಲ್ಲ, ಸ್ಥಾನ ಸೂಚಿಸುವ ಸಂಕೇತವಷ್ಟೇ ಆಗಿತ್ತು. ಯಾರನ್ನು ಮೊದಲನೆಯವರೆಂದು ಹೆಚ್ಚು ತೀರ್ಪುಗಾರರು ಹೇಳಿದರೋ ಅವರದೇ ಗೆಲುವು. ಅಂದರೆ ಅದು ಒಂದು ಬಗೆಯ ಮತದಾನ. ರಷ್ಯಾ, ಚೀನಾ, ಪೋಲೆಂಡ್, ಉಕ್ರೇನ್‌ನ ತೀರ್ಪುಗಾರರು ಒಂದು ಕಡೆ. ಅಮೆರಿಕ, ಕೆನಡಾ, ಜರ್ಮನಿ, ಜಪಾನ್‌ನವರು ಇನ್ನೊಂದು ಕಡೆ. ಶೀತಲ ಸಮರ ಮುಗಿದು ದಶಕ ಕಳೆದಿದ್ದರೂ ಈ ಮೇಜಿನ ಬಳಿ ಅದರ ನೆರಳು ಮಾಸಿರಲಿಲ್ಲ. ಉಳಿದ ಒಂದು ಮತ ಫ್ರಾನ್ಸಿನ ಮಾರಿ ರೆನ್ ಲೆ ಗೂನ್ಯ ಅವರದು.

ಅದೇ ರಾತ್ರಿ ಹೋಟೆಲಿನಲ್ಲಿ, ಹಿರಿಯ ಅಧಿಕಾರಿಯೊಬ್ಬರ ಮುಂದೆ ಲೆ ಗೂನ್ಯ ಕಣ್ಣೀರಿಟ್ಟರು. ತಮ್ಮ ದೇಶದ ಸ್ಕೇಟಿಂಗ್ ಒಕ್ಕೂಟದ ಅಧ್ಯಕ್ಷ ದಿದಿಯೆ ಗಾಯಾಗೆ ರಷ್ಯಾದ ಜೋಡಿಗೆ ಮತ ಹಾಕುವಂತೆ ಒತ್ತಡ ಹೇರಿದ್ದರು ಎಂದು ಅವರು ಹೇಳಿದ ಸುದ್ದಿ ಹಬ್ಬಿತು. ಅದಕ್ಕೆ ಪ್ರತಿಯಾಗಿ ಐಸ್ ಡಾನ್ಸ್ ವಿಭಾಗದಲ್ಲಿ ಫ್ರೆಂಚ್ ಜೋಡಿಗೆ ಬೆಂಬಲ ಸಿಗಬೇಕಿತ್ತು ಎಂಬುದು ಆರೋಪ. ಆಮೇಲೆ ಲೆ ಗೂನ್ಯ ಆ ಮಾತನ್ನು ಹಿಂತೆಗೆದುಕೊಂಡು, ರಷ್ಯಾದವರೇ ಉತ್ತಮರೆಂದು ತಮಗೆ ಪ್ರಾಮಾಣಿಕವಾಗಿ ಅನ್ನಿಸಿತ್ತು ಎಂದರು. ಗಾಯಾಗೆ ಆರೋಪವನ್ನು ಅಲ್ಲಗಳೆದರು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಇಬ್ಬರನ್ನೂ ಮೂರು ವರ್ಷ ಅಮಾನತು ಮಾಡಿತು, 2006ರ ಒಲಿಂಪಿಕ್ಸ್‌ನಿಂದಲೂ ದೂರವಿರಿಸಿತು. ಕೊಡು-ಕೊಳ್ಳುವಿಕೆಗೆ ಎರಡು ಕೈ ಬೇಕಲ್ಲವೆ? ರಷ್ಯಾದ ಕಡೆಯ ಯಾವ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಫೆಬ್ರುವರಿ 15ರಂದು ಕೆನಡಾದ ಜೋಡಿಗೂ ಚಿನ್ನ ಘೋಷಣೆಯಾಯಿತು. ಎರಡು ದಿನಗಳ ನಂತರ ಎರಡೂ ಜೋಡಿಗಳನ್ನು ವೇದಿಕೆಯ ಮೇಲೆ ನಿಲ್ಲಿಸಿ ಎರಡೂ ರಾಷ್ಟ್ರಗೀತೆಗಳನ್ನು ನುಡಿಸಲಾಯಿತು. ಉತ್ತರ ಅಮೆರಿಕದ ಟಿವಿ ವಾಹಿನಿಗಳ ಕೋಪವೇನೋ ತಣಿಯಿತು. ಆದರೆ ನಿಜಕ್ಕೂ ಗೆದ್ದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ರಷ್ಯಾದವರ ಗೆಲುವು ಅಸಂಬದ್ಧವೇನಲ್ಲ. ಕೆನಡಾದವರು ಆಡಿದ್ದು ‘ಲವ್ ಸ್ಟೋರಿ’ ಚಿತ್ರದ ಸಂಗೀತಕ್ಕೆ ಹಿಂದಿನ ವರ್ಷಗಳಲ್ಲೇ ಹೆಣೆದಿದ್ದ ಪ್ರದರ್ಶನವನ್ನು. ಮಾಸನೆಯ ‘ಥಾಯಿಸ್’ನ ಧ್ಯಾನ ಸಂಗೀತಕ್ಕೆ ರಷ್ಯಾದವರು ಹೆಣೆದದ್ದು ಹೆಚ್ಚು ಜಟಿಲವಾಗಿತ್ತು, ಜಿಗಿತ ಜಿಗಿತಗಳ ನಡುವೆ ಬಿಡುವೇ ಇರಲಿಲ್ಲ. ತಪ್ಪಿಲ್ಲದ ಸರಳತೆ ದೊಡ್ಡದೋ, ಒಂದು ತಪ್ಪಿರುವ ಸಂಕೀರ್ಣತೆ ದೊಡ್ಡದೋ? ಸಂಗೀತ ಕಛೇರಿ ಮುಗಿಸಿ ಹೊರಬಂದ ರಸಿಕರು ಇಂಥ ವಿಷಯಕ್ಕೆ ಬಸ್ ನಿಲ್ದಾಣದವರೆಗೂ ಜಗಳವಾಡುತ್ತಾರೆ. ಪ್ರಾಮಾಣಿಕ ತೀರ್ಪುಗಾರರೂ ಇಲ್ಲಿ ಐದು-ನಾಲ್ಕಾಗಿ ಒಡೆಯಬಹುದಿತ್ತು.

ಆ ಸಾಧ್ಯತೆಯನ್ನೇ ಒಳಒಪ್ಪಂದದ ಗುಮಾನಿ ನುಂಗಿಹಾಕಿತು. ಬೆರೆಜ್ನಾಯಾ ಅವರ ಕಥೆ ಗೊತ್ತಿದ್ದವರಿಗೆ ಇದು ಇನ್ನೂ ನೋವಿನ ಸಂಗತಿ. 1996ರ ಜನವರಿಯಲ್ಲಿ ಲಾಟ್ವಿಯಾದಲ್ಲಿ ಅಭ್ಯಾಸ ಮಾಡುವಾಗ ಅಂದಿನ ಜೊತೆಗಾರನ ಸ್ಕೇಟಿನ ಅಲಗು ಅವರ ತಲೆಬುರುಡೆಯನ್ನು ಸೀಳಿತ್ತು. ಮೆದುಳಿನ ಶಸ್ತ್ರಚಿಕಿತ್ಸೆಯ ಬಳಿಕ ಮಾತನ್ನೇ ಹೊಸದಾಗಿ ಕಲಿಯಬೇಕಾಯಿತು. ಸಿಖರುಲಿಡ್ಜೆ ಜೊತೆ ಮತ್ತೆ ಮಂಜಿಗಿಳಿದು ಎರಡೇ ವರ್ಷಗಳಲ್ಲಿ, 1998ರ ನಗಾನೊ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಅಂಥವರು ಕೊನೆಗೂ ಚಿನ್ನ ತಲುಪಿದಾಗ ಜಗತ್ತು ಅವರನ್ನು ಕಂಡದ್ದು ಕದ್ದ ಮಾಲು ಕೊರಳಲ್ಲಿರುವವರಂತೆ. ಯಾವ ವಿಚಾರಣೆಯೂ ಈ ಜೋಡಿಯ ಮೇಲೆ ತಪ್ಪು ಹೊರಿಸಲಿಲ್ಲ.

ಹಗರಣದ ನಂತರ ಸುಧಾರಣೆ ಬರಲೇಬೇಕಿತ್ತು, ಬಂತು. 6.0 ಪದ್ಧತಿ ಹೋಗಿ, ಪ್ರತಿ ಜಿಗಿತಕ್ಕೂ ಪ್ರತಿ ತಿರುಗಾಟಕ್ಕೂ ಮೂಲಬೆಲೆ ನಿಗದಿಪಡಿಸಿ, ಅದು ಹೇಗೆ ಮೂಡಿಬಂತೆಂದು ಕೂಡುವ ಕಳೆಯುವ ಹೊಸ ಲೆಕ್ಕ ಜಾರಿಗೆ ಬಂತು. 2006ರ ಟ್ಯೂರಿನ್‌ನಲ್ಲಿ ಹನ್ನೆರಡು ತೀರ್ಪುಗಾರರು ಕುಳಿತರು. ಅವರಲ್ಲಿ ಒಂಬತ್ತು ಜನರ ಅಂಕಗಳನ್ನು ಗಣಕಯಂತ್ರ ಚೀಟಿ ಎತ್ತಿದಂತೆ ಆರಿಸಿತು. ಇಷ್ಟೂ ಒಪ್ಪತಕ್ಕದ್ದೇ. ಆದರೆ ಇದರೊಂದಿಗೆ ಇನ್ನೊಂದು ನಿಯಮವೂ ಸೇರಿಕೊಂಡಿತು: ಯಾವ ಅಂಕ ಯಾವ ತೀರ್ಪುಗಾರರದು ಎಂಬುದು ಗುಟ್ಟು. ಹೆಸರು ಗೊತ್ತಾಗದಿದ್ದರೆ ಒತ್ತಡ ಹೇರುವವರಿಗೆ ತಮ್ಮ ಮಾತು ನಡೆಯಿತೋ ಇಲ್ಲವೋ ತಿಳಿಯದು ಎಂಬ ತರ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನಬೇಕು. ಜ್ವರವಿದ್ದದ್ದು ತೀರ್ಪುಗಾರರನ್ನು ಹೆಸರಿಸಿ ಕಳಿಸುವ ರಾಷ್ಟ್ರೀಯ ಒಕ್ಕೂಟಗಳಲ್ಲಿ. ಆ ಅಧಿಕಾರವನ್ನು ಯಾರೂ ಮುಟ್ಟಲಿಲ್ಲ.

ಅಂತರಕಾಲೇಜು ಗಾಯನ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತವನು ನಾನು. ಅಲ್ಲಿ ಲಂಚ ಹಿಡಿದು ಯಾರೂ ಬರುವುದಿಲ್ಲ. ‘ನಮ್ಮ ಹುಡುಗಿ ಚೆನ್ನಾಗಿ ಹಾಡ್ತಾಳೆ ಸಾರ್, ಸ್ವಲ್ಪ ಗಮನವಿಟ್ಟು ಕೇಳಿ’ ಎಂದು ಸಂಘಟಕರೊಬ್ಬರು ಕಾಫಿ ಲೋಟ ಕೈಗಿಡುತ್ತಾರೆ, ಅಷ್ಟೇ. ಮುಂದಿನ ವರ್ಷ ನಿಮ್ಮನ್ನು ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಅವರೇ. ಅಂಕಪಟ್ಟಿಯಲ್ಲಿ ನನ್ನ ಹೆಸರು ಮರೆಮಾಡಿದರೆ ಆ ಕಾಫಿಯ ಋಣವೇನೂ ಕಡಿಮೆಯಾಗದು.

ಗುಟ್ಟಿನ ಫಲ 2014ರ ಸೋಚಿಯಲ್ಲಿ ಕಾಣಿಸಿತು. ಮಹಿಳೆಯರ ವಿಭಾಗದಲ್ಲಿ ಆತಿಥೇಯ ರಷ್ಯಾದ ಅಡೆಲಿನಾ ಸೊಟ್ನಿಕೋವಾ 224.59 ಅಂಕ ಪಡೆದು ದಕ್ಷಿಣ ಕೊರಿಯಾದ ಕಿಮ್ ಯುನಾ ಅವರನ್ನು (219.11) ಹಿಂದಿಕ್ಕಿದರು. ಸೊಟ್ನಿಕೋವಾ ಒಂದು ತ್ರಿವಳಿ ಜಿಗಿತ ಹೆಚ್ಚು ಮಾಡಿದ್ದರು ಎಂಬುದೂ ನಿಜ. ಆದರೆ ಅಂತಿಮ ಸುತ್ತಿನ ತೀರ್ಪುಗಾರರಲ್ಲಿ ಒಬ್ಬರು ರಷ್ಯಾ ಒಕ್ಕೂಟದ ಉನ್ನತ ಅಧಿಕಾರಿಯ ಪತ್ನಿ. ಇನ್ನೊಬ್ಬರು, ಉಕ್ರೇನಿನವರು, 1998ರ ನಗಾನೊದಲ್ಲಿ ಐಸ್ ಡಾನ್ಸ್ ಫಲಿತಾಂಶವನ್ನು ಮುಂಚೆಯೇ ಫೋನಿನಲ್ಲಿ ಚರ್ಚಿಸಿ ಒಂದು ವರ್ಷ ಅಮಾನತಾಗಿದ್ದವರು. ಆ ಫೋನ್ ಸಂಭಾಷಣೆಯನ್ನು ಧ್ವನಿಮುದ್ರಿಸಿ ಬಯಲಿಗೆಳೆದ ಕೆನಡಾದ ತೀರ್ಪುಗಾರ್ತಿಯನ್ನೂ ಸ್ವದೇಶ ಪಕ್ಷಪಾತದ ಹೆಸರಿನಲ್ಲಿ ಆರು ತಿಂಗಳು ಹೊರಗಿಟ್ಟದ್ದು ಈ ಆಟದ ನ್ಯಾಯದ ಇನ್ನೊಂದು ಮಾದರಿ. ಸೋಚಿಯಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರು? ನಿಯಮದ ಪ್ರಕಾರ ಅದು ಹೊರಬರುವಂತಿರಲಿಲ್ಲ. ಅನುಮಾನ ನಿಜವೆಂದು ಸಾಧಿಸಲೂ ಆಗದು, ಸುಳ್ಳೆಂದು ತೊಡೆಯಲೂ ಆಗದು. ಈ ಗುಟ್ಟಿನ ಪದ್ಧತಿಯನ್ನು ಅಧ್ಯಯನ ಮಾಡಿದ ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞ ಎರಿಕ್ ಜಿಟ್ಜೆವಿಟ್ಜ್, ಸ್ವದೇಶದವರ ಪರ ವಾಲುವ ಚಾಳಿ ಅದರಿಂದ ಕಡಿಮೆಯಾಗುವ ಬದಲು ತುಸು ಹೆಚ್ಚೇ ಆಗಿದೆ ಎಂದು ಕಂಡುಕೊಂಡಿದ್ದರು.

2016ರಲ್ಲಿ ಪರದೆ ಸರಿಯಿತು. ಅಂಕದೊಂದಿಗೆ ಹೆಸರು ಮತ್ತೆ ಪ್ರಕಟವಾಗತೊಡಗಿತು. ಅದರ ಗುಣ ಬೇಗನೆ ತಿಳಿಯಿತು. 2018ರ ಪ್ಯೊಂಗ್‌ಚಾಂಗ್ ಕ್ರೀಡಾಕೂಟದಲ್ಲಿ ತಮ್ಮವರಿಗೆ ಧಾರಾಳವಾಗಿ ಅಂಕ ಕೊಟ್ಟ ಇಬ್ಬರು ಚೀನೀ ತೀರ್ಪುಗಾರರನ್ನು, ಒಬ್ಬರನ್ನು ಎರಡು ವರ್ಷ, ಇನ್ನೊಬ್ಬರನ್ನು ಒಂದು ವರ್ಷ ಅಮಾನತು ಮಾಡಲಾಯಿತು. ಇಲ್ಲೂ ಸಿಕ್ಕಿಬಿದ್ದವರು ಮೇಜಿನ ಮುಂದೆ ಕುಳಿತವರೇ.

ಒಲಿಂಪಿಕ್ಸ್‌ನ ತೀರ್ಪುಗಾರರ ಮೇಜಿಗೆ ಲೆ ಗೂನ್ಯ ಮತ್ತೆ ಮರಳಲಿಲ್ಲ. ಗಾಯಾಗೆ ಮಾತ್ರ 2007ರಲ್ಲಿ ಫ್ರೆಂಚ್ ಒಕ್ಕೂಟದ ಅಧ್ಯಕ್ಷರಾಗಿ ಮರುಆಯ್ಕೆಯಾದರು. 2020ರ ಫೆಬ್ರುವರಿಯವರೆಗೂ ಆ ಕುರ್ಚಿಯಲ್ಲಿದ್ದರು. ಕೊನೆಗೆ ರಾಜೀನಾಮೆ ಕೊಟ್ಟದ್ದೂ ಅಂಕಗಳ ವಿಷಯಕ್ಕಲ್ಲ. ತರಬೇತುದಾರರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಒಕ್ಕೂಟ ನಿಭಾಯಿಸಿದ ರೀತಿಗೆ ಎದ್ದ ಆಕ್ರೋಶಕ್ಕೆ.